ಐಸಿನ ಕೋಣೆಯಲ್ಲಿ ನೂರ ಹದಿನೇಳು

ಐಸಿನ ಕೋಣೆಯಲ್ಲಿ ನಾನು ಸಿಕ್ಕಿಬಿದ್ದ ದಿನ ಸಂಜೆ ಐದರೊಳಗೆ ಭಟ್ಕಳಕ್ಕೆ ಹೋಗಿ ಹೊಸ ಕೆಲಸಕ್ಕೆ ಸೇರಬೇಕಿತ್ತು. ಅಲ್ಲಿಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಕೆಲಸ. ಸೇರಲು ಹದಿನೈದು ದಿನ ಕೊಟ್ಟಿದ್ದರು. ಹದಿನಾಲ್ಕನ್ನು ನಮ್ಮ ಸೊಸೈಟಿಯವರು ನುಂಗಿ ನೀರು ಕುಡಿದಿದ್ದರು. ಉಳಿದದ್ದು ಆ ಒಂದೇ ದಿನ.

ಸೊಸೈಟಿ ಎಂದರೆ ಹೊನ್ನಾವರದ ಹತ್ತಿರದ ಕಾಸರಕೋಡಿನಲ್ಲಿ ನಮ್ಮ ಮನೆಯ ಹತ್ತಿರವೇ ಇರುವ ಮೀನುಗಾರರ ಸೊಸೈಟಿ. ಅಲ್ಲಿ ನಾನು ಹನ್ನೊಂದು ವರ್ಷ ಕಂಪ್ಯೂಟರಿನ ಮುಂದೆ ಕೂತಿದ್ದೇನೆ. ಯಾವ ಬೋಟು ಕಡಲಿಗೆ ಹೋಯಿತು, ಯಾವುದು ತಿರುಗಿ ಬಂತು, ಯಾರಿಗೆ ಐಸಿನ ಟೋಕನ್ ಬೇಕು, ಎಲ್ಲ ಒಂದು ಸರ್ವರಿನಲ್ಲಿ. ಗಾಳಿಯ ಎಚ್ಚರಿಕೆ ಬಂದರೆ ಬೋಟಿನವರ ಮೊಬೈಲಿಗೆಲ್ಲ ಒಂದೇ ಸಲಕ್ಕೆ ಮೆಸೇಜು ಕಳಿಸುವುದೂ ಅದೇ. ಒಳಗಿರುವುದು ಲಿನಕ್ಸ್. ಯಾರ ಅಪ್ಪಣೆಯೂ ಬೇಡ, ಯಾರು ಬೇಕಾದರೂ ಬಿಚ್ಚಿ ನೋಡಿ ರಿಪೇರಿ ಮಾಡಿಕೊಳ್ಳಬಹುದು. ಕುಮಟೆಯಿಂದ ಬರುತ್ತಿದ್ದ ಒಬ್ಬ ಮೇಷ್ಟ್ರು ಅದನ್ನು ಕೂರಿಸಿ, ನನಗೆ ಕಲಿಸಿ, ವರ್ಗವಾಗಿ ಹೋದರು. ಇದರ ಬಾಗಿಲು ಎಲ್ಲರಿಗೂ ತೆರೆದದ್ದು ಎಂದು ಅವರು ಹೇಳುತ್ತಿದ್ದರು. ಹೌದು, ತೆರೆದದ್ದು. ಒಳಗೆ ಹೊಕ್ಕವಳು ಮಾತ್ರ ನಾನೊಬ್ಬಳೇ. ಬೇರೆ ಯಾರಿಗೂ ಅದರ ತಲೆಬುಡ ಗೊತ್ತಿಲ್ಲವಾದ್ದರಿಂದ ಹನ್ನೊಂದು ವರ್ಷದಲ್ಲಿ ನನಗೆ ನೆಟ್ಟಗೆ ನಾಲ್ಕು ದಿನ ರಜೆ ಸಿಕ್ಕಿದ್ದಿಲ್ಲ. ಜ್ವರ ಬಂದು ಮಲಗಿದರೆ ಅಧ್ಯಕ್ಷರು ಮನೆ ಬಾಗಿಲಿಗೇ ಬರುತ್ತಿದ್ದರು.

"ತಂಗಿ, ಸರ್ವರ್ ಕೆಟ್ರೆ ಎಂತ ಮಾಡೂದು? ಸ್ವಲ್ಪ ಎದ್ದು ನೋಡ್ಕಂಡು ಹೋಗು."

ನನ್ನ ಪುಣ್ಯಕ್ಕೆ ನಾನು ಕೆಲಸ ಬಿಡುತ್ತೇನೆ ಎಂದು ಹೇಳಿದ ವಾರವೇ ಸರ್ವರಿನ ನೆಟ್‌ವರ್ಕ್ ಕೈಕೊಟ್ಟಿತು. ಸತ್ತೇ ಹೋಗಿದ್ದರೆ ಒಂದು ದಾರಿಯಾಗುತ್ತಿತ್ತು. ಹಾಗಲ್ಲ, ಒಂದು ಗಂಟೆ ಇರುತ್ತದೆ, ಎರಡು ಗಂಟೆ ಇರುವುದಿಲ್ಲ. ಬಂದ್ ಮಾಡಿ ಹಾಕಿದರೆ ಬರುತ್ತದೆ, ಊಟ ಮಾಡಿ ಬರುವಷ್ಟರಲ್ಲಿ ಹೋಗಿರುತ್ತದೆ. ಒಂಬತ್ತು ದಿನ ಹೀಗೇ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿಯಲು ಹೆಚ್ಚು ದಿನ ಇರಲಿಲ್ಲ. ಅಧ್ಯಕ್ಷರು ಒಂದು ಷರತ್ತು ಹಾಕಿದರು.

"ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಡ್ರಾಯರಲ್ಲಿ ಇಟ್ಟಿದ್ದೆ. ನಾ ಇವತ್ತು ಕುಮಟೆಗೆ ಮದ್ವೆಗೆ ಹೋಗ್ತೆ. ಸರ್ವರಿಂದ ನನ್ನ ಮೊಬೈಲಿಗೆ ಒಂದು ಮೆಸೇಜ್ ಬಿದ್ರೆ ಆತು, ನೀ ಪತ್ರ ತಕಂಡು ಹೋಗು. ಬೀಳ್ದೇ ಇದ್ರೆ ಹೋಗೂಹಂಗಿಲ್ಲ."

ಆ ಪತ್ರವಿಲ್ಲದೆ ಭಟ್ಕಳದಲ್ಲಿ ಸೇರಿಸಿಕೊಳ್ಳುವುದಿಲ್ಲ. ಅಂತೂ ನನ್ನ ಜುಟ್ಟು ಆ ಡಬ್ಬಿಯ ಕೈಯಲ್ಲಿತ್ತು.

ಇನ್ನು ಆ ಕೋಣೆಯ ಸಂಗತಿ. ಕಂಪ್ಯೂಟರಿಗೆ ತಂಪು ಬೇಕು ಎಂದು ಯಾರೋ ಹೇಳಿದ್ದನ್ನು ಕೇಳಿಕೊಂಡು ನಮ್ಮ ಕಮಿಟಿಯವರು ಸರ್ವರನ್ನು ಹಳೆಯ ಐಸಿನ ಕೋಣೆಯಲ್ಲಿ ಇಡಿಸಿದ್ದರು. ಐಸು ಹೊರಗಿನಿಂದ ಬರತೊಡಗಿ ಅಲ್ಲಿಯ ಯಂತ್ರ ನಿಂತು ವರ್ಷಗಳಾಗಿದ್ದವು, ತಂಪೆಲ್ಲಿಂದ ಬರಬೇಕು? ಮೊಳ ದಪ್ಪದ ಗೋಡೆ, ಒಳಗೆಲ್ಲ ಥರ್ಮಾಕೋಲು, ಅದರ ಮೇಲೆ ತಗಡು, ಕಿಟಕಿ ಇಲ್ಲ. ತಂಪನ್ನು ಹೊರಗೆ ಬಿಡದ ಗೋಡೆ ಬಿಸಿಯನ್ನೂ ಬಿಡುವುದಿಲ್ಲ ಎಂಬಷ್ಟು ಯಾರಿಗೂ ಹೊಳೆದಿರಲಿಲ್ಲ. ಬಾಗಿಲು ತೆರೆದಿಟ್ಟರೆ ಮಾತ್ರ ಅಲ್ಲಿ ಕೂರಬಹುದು. ಒಳಗಿನಿಂದ ತಳ್ಳಿ ತೆರೆಯುವ ಸರಳು ಉಪ್ಪುಗಾಳಿಗೆ ತುಕ್ಕು ಹಿಡಿದು ಯಾವಾಗಲೋ ಉದುರಿತ್ತು. ಹೊರಗಿನ ಚಿಲಕ ಮಾತ್ರ ಗಟ್ಟಿಮುಟ್ಟಾಗಿತ್ತು.

ಆ ದಿನ ಒಂಬತ್ತು ಗಂಟೆಗೇ ಒಳಗೆ ಕೂತೆ. ಮಧ್ಯಾಹ್ನ ಒಂದರ ಸುಮಾರಿಗೆ ನೆಲದ ಮೇಲೆ ಬಗ್ಗಿ, ಮೇಜಿನ ಹಿಂದೆ ಕೇಬಲ್ಲು ಎಳೆದು ನೋಡುತ್ತಿದ್ದೆ. ಬೆನ್ನ ಹಿಂದೆ ಧಡ್ ಎಂದಿತು. ಆಮೇಲೆ ಕಟಕ್. ತಿರುಗಿ ನೋಡಿದರೆ ಬಾಗಿಲು ಮುಚ್ಚಿದೆ.

"ಯಾರದು? ನಾ ಒಳಗಿದ್ದೆ!" ಎಂದು ಕೂಗಿದೆ. ಬಾಗಿಲು ಗುದ್ದಿದೆ. ಚಪ್ಪಲಿ ತೆಗೆದು ಬಡಿದೆ. ಥರ್ಮಾಕೋಲು ಎಲ್ಲವನ್ನೂ ನುಂಗಿತು. ಹೊರಗೆ ಮಳೆ ಹೊಯ್ಯುತ್ತಿತ್ತು, ನಿಷೇಧದ ಕಾಲವಾದ್ದರಿಂದ ಬಂದರಿನಲ್ಲಿ ನರಪಿಳ್ಳೆ ಇರಲಿಲ್ಲ. ಮೊಬೈಲು ಆಫೀಸಿನ ಟೇಬಲ್ಲಿನ ಮೇಲೆ ಚಾರ್ಜಿಗೆ ಹಾಕಿತ್ತು. ಅಮ್ಮ ನಾನು ಭಟ್ಕಳಕ್ಕೆ ಹೋಗಿದ್ದೇನೆ ಎಂದೇ ತಿಳಿದಿರುತ್ತಾಳೆ. ಅಂದರೆ ಸಂಜೆಯವರೆಗೆ ನನ್ನನ್ನು ಹುಡುಕುವ ಪ್ರಾಣಿ ಒಂದೂ ಇಲ್ಲ.

ಹತ್ತು ನಿಮಿಷ ಯಾರಿಗೆಂದು ಗೊತ್ತಿಲ್ಲದೆ ಬಾಯಿಗೆ ಬಂದಹಾಗೆ ಬೈದೆ. ಬೈದು ಮುಗಿದ ಮೇಲೆ ತಲೆ ಸ್ವಲ್ಪ ಓಡಿತು. ನಾನು ಹೊರಗೆ ಹೋಗಲು ಇದ್ದದ್ದು ಒಂದೇ ದಾರಿ. ಗೋಡೆಯ ತೂತಿನಿಂದ ಆಫೀಸಿನ ಕಡೆಗೆ ಹೋಗುವ ಆ ನೀಲಿ ಕೇಬಲ್ಲು. ನೆಟ್‌ವರ್ಕ್ ಸರಿಹೋದರೆ ಸರ್ವರಿನಿಂದಲೇ ಯಾರಿಗಾದರೂ ಮೆಸೇಜು ಕಳಿಸಬಹುದು. ಬಾಗಿಲಿಗೂ ಅದೇ, ಪತ್ರಕ್ಕೂ ಅದೇ, ಭಟ್ಕಳಕ್ಕೂ ಅದೇ. ಒಂಬತ್ತು ದಿನ ಸರಿಯಾಗದ್ದು ಈಗ ಎರಡು ಗಂಟೆಯಲ್ಲಿ ಸರಿಯಾಗಬೇಕಿತ್ತು.

ಕೂತೆ. ಕಪ್ಪು ಪರದೆ, ಬಿಳಿ ಅಕ್ಷರ. ರೌಟರಿಗೆ ಕೂಗು ಹಾಕಿ ನೋಡಿದೆ, ಅಂದರೆ 'ಇದ್ದೀಯಾ?' ಎಂದು ಕೇಳುವ ಆಜ್ಞೆ ಕೊಟ್ಟೆ. ಉತ್ತರವಿಲ್ಲ. ಕೇಬಲ್ಲಿನ ದೀಪ ಹಸಿರಾಗಿಯೇ ಮಿಣುಕುತ್ತಿದೆ. ಸೆಟ್ಟಿಂಗಿನ ಫೈಲು ತೆರೆದೆ. ಅದೋ ಮಹಾ ಮಡಿಯ ಫೈಲು, ಸಾಲಿನ ಮುಂದೆ ಒಂದು ಖಾಲಿ ಜಾಗ ಹೆಚ್ಚಾದರೂ ಮುಟ್ಟಿಸಿಕೊಳ್ಳುವುದಿಲ್ಲ. ಒಂಬತ್ತು ದಿನದಲ್ಲಿ ಇಂಟರ್ನೆಟ್ಟಿನಲ್ಲಿ ಯಾರು ಯಾರೋ ಹೇಳಿದ್ದನ್ನೆಲ್ಲ ಅದಕ್ಕೆ ತುರುಕಿದ್ದೆ. ಎಲ್ಲ ಅಳಿಸಿ ಮೇಷ್ಟ್ರು ಕಲಿಸಿದ ಮೊದಲಿನ ಐದು ಸಾಲನ್ನೇ ಬರೆದೆ. ಆದರೂ ಇಲ್ಲ. ಬೆನ್ನಿನ ಮೇಲೆ ಬೆವರು ಇಳಿಯುತ್ತಿತ್ತು. ಸರ್ವರಿನ ಫ್ಯಾನು ಬುಸುಗುಟ್ಟುತ್ತಿತ್ತು. ಹಳೇ ಮೀನಿನ ವಾಸನೆ ಬಿಸಿಯಾಗಿ ಎದ್ದು ಬರುತ್ತಿತ್ತು. ಹೀಗೇ ಕಾದರೆ ಡಬ್ಬಿ ತನ್ನಷ್ಟಕ್ಕೆ ಬಂದ್ ಆಗುತ್ತದೆ, ಆಮೇಲೆ ಇದ್ದೊಂದು ದಾರಿಯೂ ಹೋಯಿತು.

ಆ ಐದು ಸಾಲಿನಲ್ಲಿ ಒಂದು ಸರ್ವರಿನ ವಿಳಾಸ. ಒಂದು ಕಟ್ಟಡದೊಳಗಿನ ಪ್ರತಿ ಯಂತ್ರಕ್ಕೂ ಮನೆ ನಂಬರಿನ ಹಾಗೆ ಒಂದು ಸಂಖ್ಯೆ ಬೇಕು. ಮೊದಲ ಭಾಗ ಎಲ್ಲಕ್ಕೂ ಒಂದೇ, ಕೊನೆಯದನ್ನು ಮಾತ್ರ ನಾವು ಇಡುವುದು. ಮೇಷ್ಟ್ರು, "ನಿಮಗೆ ಮರೆಯದ ಸಂಖ್ಯೆ ಹೇಳಿ" ಎಂದಿದ್ದರು. ನಾನು ಯೋಚಿಸದೆ ನೂರ ಹದಿನೇಳು ಎಂದಿದ್ದೆ.

ನೂರ ಹದಿನೇಳು ನಮ್ಮ ಅಪ್ಪನ ದೋಣಿಯ ನಂಬರಿನ ಕೊನೆಯ ಮೂರಂಕಿ. ನಮ್ಮ ಕೇರಿಯಲ್ಲಿ ಯಾವ ವಸ್ತು ಕಳೆದುಹೋಗಬಾರದೋ ಅದಕ್ಕೆ ದೋಣಿಯ ನಂಬರು ಬರೆಯುವುದು ರೂಢಿ. ಬಲೆಯ ಬೆಂಡಿಗೆ ಬರೆಯುತ್ತಾರೆ, ಐಸಿನ ಪೆಟ್ಟಿಗೆಗೆ ಬರೆಯುತ್ತಾರೆ, ಅಮ್ಮ ಮೀನು ಮಾರಲು ಒಯ್ಯುವ ಬುಟ್ಟಿಯ ತಳಕ್ಕೂ ಬಣ್ಣದಲ್ಲಿ ಬರೆದಿತ್ತು. ನಮ್ಮ ಶಾಲೆಯ ಚೀಲದ ಮೇಲೆ ನಮ್ಮ ಹೆಸರಿಗಿಂತ ದೊಡ್ಡದಾಗಿ ಅಪ್ಪ ಅದನ್ನೇ ಬರೆದಿದ್ದ. ನನಗೂ ತಮ್ಮನಿಗೂ.

ತಮ್ಮನ ಹೆಸರು ಎತ್ತುವುದು ಬೇಡ ಎಂದಿದ್ದೆ, ಆದರೆ ಎತ್ತದೆ ಕಥೆ ಮುಂದೆ ಹೋಗುವುದಿಲ್ಲ. ಅವನಿಗೆ ಕಡಲು ಆಗಿಬರುವುದಿಲ್ಲ. ಹೊಳೆ ಕಡಲು ಸೇರುವ ಅಳಿವೆ ದಾಟುವುದರೊಳಗೆ ಕಕ್ಕುತ್ತಾನೆ. ಮೀನುಗಾರನ ಮಗನಾಗಿ ಹೀಗೆ ಎಂದು ಊರೆಲ್ಲ ನಗಾಡಿದ್ದಕ್ಕೆ ಕುಮಟೆಗೆ ಹೋಗಿ ಸಿಸಿ ಕ್ಯಾಮೆರಾ ಕೂರಿಸುವ ಕೆಲಸ ಹಿಡಿದ. ಅಪ್ಪ ತೀರಿಕೊಂಡ ವರ್ಷ ದೋಣಿಯನ್ನು ತೆಂಗಿನಗುಂಡಿಯವರೊಬ್ಬರಿಗೆ ಮಾರಿದ. ಮಾರಲಿ, ಓಡಿಸುವವರು ಯಾರಿದ್ದರು? ಆದರೆ ನನಗೊಂದು ಮಾತು ಹೇಳಲಿಲ್ಲ. ನಾನು ಆಫೀಸಿನಿಂದ ಬಂದು ನೋಡಿದರೆ ದೋಣಿ ನಿಲ್ಲುತ್ತಿದ್ದ ಜಾಗದಲ್ಲಿ ಬರೀ ಮರಳು. ಆವತ್ತು ಕೇರಿಯ ನಡುವೆ ನಿಂತು, "ಇವತ್ತಿಂದ ನಿನಗೆ ಅಕ್ಕ ಇಲ್ಲ" ಎಂದೆ. ಮೂರು ವರ್ಷ ಆಗಿತ್ತು. ಮೊಬೈಲಿನಿಂದ ಅವನ ನಂಬರನ್ನೂ ತೆಗೆದುಹಾಕಿದ್ದೆ. ಅವನು ಅಮ್ಮನನ್ನು ನೋಡಲು ಬಂದರೂ ನಾನಿಲ್ಲದ ಹೊತ್ತು ಹುಡುಕಿ ಬರುತ್ತಿದ್ದ.

ಗಡಿಯಾರ ಎರಡಕ್ಕೆ ಹತ್ತು ನಿಮಿಷ ತೋರಿಸುತ್ತಿದ್ದಾಗ ಕರೆಂಟು ಹೋಯಿತು. ದೀಪ ಆರಿತು. ಸರ್ವರಿಗೆ ಬ್ಯಾಟರಿ ಇದ್ದದ್ದರಿಂದ ಪರದೆ ಒಂದೇ ಬೆಳಗುತ್ತಿತ್ತು. ಆ ಕತ್ತಲೆಯಲ್ಲಿ ನನಗೆ ಉಸಿರೇ ಸಿಕ್ಕಿಕೊಂಡಿತು. ಗೋಡೆಗಳು ನಾಲ್ಕೂ ಕಡೆಯಿಂದ ಹತ್ತಿರ ಬಂದವು ಎನಿಸಿತು. ಬಾಗಿಲಿಗೆ ಹೋಗಿ ಅದರ ಸಂದಿಗೆ ಮೂಗು ಒತ್ತಿ ನಿಂತೆ. ರಬ್ಬರಿನ ಪಟ್ಟಿ ಗಾಳಿಯನ್ನೂ ಬಿಡುತ್ತಿರಲಿಲ್ಲ. ಇಲ್ಲೇ ಸತ್ತರೆ ಇವರು ನನ್ನನ್ನು ಅಡ್ಡ ಸರಿಸಿ ಮೊದಲು ಸರ್ವರ್ ಸರಿಯಿದೆಯೋ ಎಂದು ನೋಡುವವರೇ ಎಂದುಕೊಂಡು ಅಳು ಬಂತು. ನಿಂತು ಅತ್ತೆ, ಸುಳ್ಳು ಯಾಕೆ ಹೇಳಲಿ.

ಕಣ್ಣೊರೆಸಿಕೊಂಡು ತಿರುಗಿದರೆ ಪರದೆಯ ಮೇಲೆ ಸಾಲು ಸಾಲು ಉತ್ತರ ಓಡುತ್ತಿದೆ. ರೌಟರಿಗೆ ಹಾಕಿದ ಕೂಗನ್ನು ನಿಲ್ಲಿಸದೆ ಬಿಟ್ಟಿದ್ದೆ. ಇದ್ದೇನೆ, ಇದ್ದೇನೆ, ಇದ್ದೇನೆ ಎಂದು ಅದು ಹೇಳುತ್ತಿದೆ. ಕರೆಂಟು ಇದ್ದಾಗ ಇಲ್ಲದ ನೆಟ್ಟು ಕರೆಂಟು ಹೋದಾಗ ಬಂದಿದೆ! ಬುದ್ಧಿ ಇದ್ದವಳಾದರೆ ಆ ಕ್ಷಣವೇ ಮೆಸೇಜು ಕಳಿಸುತ್ತಿದ್ದಳು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತ ಕೂತೆ. ಕರೆಂಟು ಬಂತು. ಒಂದು ನಿಮಿಷ ಆಯಿತೋ ಇಲ್ಲವೋ, ಉತ್ತರ ನಿಂತಿತು.

"ಥೂ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಹಣೆ ಚಚ್ಚಿಕೊಂಡೆ.

ಆದರೆ ಸುಳಿವು ಸಿಕ್ಕಿತ್ತು. ಸರ್ವರಿಗೂ ಆಫೀಸಿನ ರೌಟರಿಗೂ ಬ್ಯಾಟರಿ ಇದೆ. ಬ್ಯಾಟರಿ ಇಲ್ಲದ ಯಾವುದೋ ಒಂದು ಯಂತ್ರ ಕರೆಂಟು ಇರುವವರೆಗೆ ನನ್ನ ದಾರಿಗೆ ಅಡ್ಡ ನಿಲ್ಲುತ್ತದೆ, ಕರೆಂಟು ಹೋದರೆ ಸರಿದುಕೊಳ್ಳುತ್ತದೆ. ಮೇಷ್ಟ್ರು ಹೇಳಿಕೊಟ್ಟಿದ್ದ ಒಂದು ಆಜ್ಞೆ ನೆನಪಾಯಿತು. ಈ ವಿಳಾಸದಲ್ಲಿ ನನ್ನ ಹೊರತು ಬೇರೆ ಯಾರಾದರೂ ಇದ್ದೀರಾ ಎಂದು ಇಡೀ ಕಟ್ಟಡಕ್ಕೆ ಕೇಳುವ ಆಜ್ಞೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಬೇಕಾಗಿರಲಿಲ್ಲ. ಎರಡು ಸಲ ತಪ್ಪು ಟೈಪು ಮಾಡಿ ಮೂರನೆಯ ಸಲಕ್ಕೆ ಸರಿಯಾಯಿತು.

ಉತ್ತರ ಬಂತು. ನೂರ ಹದಿನೇಳರಲ್ಲಿ ನಾನೂ ಇದ್ದೇನೆ ಎಂದು ಇನ್ನೊಂದು ಯಂತ್ರ ಹೇಳಿತು.

ಒಂದೇ ವಿಳಾಸಕ್ಕೆ ಎರಡು ಯಂತ್ರ. ರೌಟರು ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಕಾಗದ ಹಾಕುವ ತಬ್ಬಿಬ್ಬಾದ ಪೋಸ್ಟಮನ್ನಿನ ಹಾಗೆ ಆಗಿತ್ತು. ಆದರೆ ನೂರ ಹದಿನೇಳೇ ಯಾಕೆ? ಇನ್ನೂರ ಐವತ್ತು ಸಂಖ್ಯೆ ಇವೆ, ಯಾರಿಗೆ ಬೇಕು ನೂರ ಹದಿನೇಳು?

ಬೇಕಾದವನು ಒಬ್ಬನೇ. ಕುರ್ಚಿಯ ಮೇಲೆ ಹಾಗೇ ಹಿಂದಕ್ಕೆ ಒರಗಿದೆ. ಹತ್ತು ದಿನದ ಹಿಂದೆ ಸೊಸೈಟಿಗೆ ಕ್ಯಾಮೆರಾ ಹಾಕಿಸಿದ್ದರು. ಹಾಕಿದ್ದು ತಮ್ಮ. ನಾನು ಊಟಕ್ಕೆ ಹೋದ ಹೊತ್ತು ನೋಡಿ ಬಂದು ಹಾಕಿ ಹೋಗಿದ್ದ. ಕ್ಯಾಮೆರಾದ ಡಬ್ಬಿಯನ್ನು ಆಫೀಸಿನ ಅಟ್ಟದ ಮೇಲೆ ಇಟ್ಟಿದ್ದಾನೆ ಎಂದು ಗೊತ್ತಿದ್ದೂ ಅವನು ಮುಟ್ಟಿದ್ದನ್ನು ನೋಡಬಾರದೆಂದು ನಾನು ಅತ್ತ ತಲೆ ಎತ್ತಿರಲಿಲ್ಲ. ಮರುದಿನದಿಂದಲೇ ನನ್ನ ನೆಟ್ಟು ಹೋಗಿತ್ತು. ನಾನು ಸರ್ವರನ್ನು ಬಂದ್ ಮಾಡಿ ಹಾಕಿದಾಗ ಅವನ ಕ್ಯಾಮೆರಾ ಹೋಗಿರಬೇಕು. ಅವನು ಮಧ್ಯಾಹ್ನ ಬಂದು ತನ್ನ ಡಬ್ಬಿಯನ್ನು ಬಂದ್ ಮಾಡಿ ಹಾಕಿದಾಗ ನನ್ನ ಸರ್ವರ್ ಹೋಗುತ್ತಿತ್ತು. ಒಂಬತ್ತು ದಿನ ಅಕ್ಕ ತಮ್ಮ ಮುಖ ನೋಡದೆ ಒಬ್ಬರನ್ನೊಬ್ಬರು ಅಪ್ಪನ ನಂಬರಿನಿಂದ ದೂಡಿದ್ದೆವು. ಒಂದು ಮಾತು ಆಡಿದ್ದರೆ ಒಂದು ನಿಮಿಷದಲ್ಲಿ ಮುಗಿಯುತ್ತಿತ್ತು.

ಸಿಟ್ಟು ಬಂತೋ ನಗು ಬಂತೋ ಈಗ ಹೇಳಲಾರೆ. ಸರ್ವರಿನ ನಂಬರನ್ನು ನೂರ ಹದಿನೆಂಟು ಮಾಡಿದೆ. ತಕ್ಷಣ ಉತ್ತರ ಹರಿದು ಬಂತು. ಅಧ್ಯಕ್ಷರಿಗೆ ಮೆಸೇಜು ಹಾಕಿದೆ. ಆ ಪರದೆಯ ಮೇಲೆ ಕನ್ನಡ ಮೂಡುವುದಿಲ್ಲ, ಇಂಗ್ಲಿಷ್ ಅಕ್ಷರದಲ್ಲೇ ಬರೆದೆ. ಐಸಿನ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದೇನೆ, ಯಾರನ್ನಾದರೂ ಕಳಿಸಿ ಬಾಗಿಲು ತೆಗೆಸಿ ಎಂದು. ಎರಡೂ ಮುಕ್ಕಾಲು ಆಗಿತ್ತು. ಕಾದೆ. ಮೂರಾಯಿತು. ಯಾರೂ ಬರಲಿಲ್ಲ. ಮೂರೂವರೆಯೊಳಗೆ ಹೊರಡದಿದ್ದರೆ ಭಟ್ಕಳ ಕೈತಪ್ಪಿದಂತೆ.

ಉಳಿದದ್ದು ಎರಡು ದಾರಿ. ಸದಸ್ಯರಿಗೆಲ್ಲ ಒಂದೇ ಸಲ ಕಳಿಸುವುದು, ಆಮೇಲೆ ಬಂದರಿಗೆ ಬಂದರೇ ಬಂದು ನನ್ನನ್ನು ಹಿಡಿದ ಮೀನಿನ ಹಾಗೆ ಹೊರಗೆ ತೆಗೆದು ಜನ್ಮವಿಡೀ ನಗಾಡುವುದು. ಇಲ್ಲವೇ ಪಟ್ಟಿಯಲ್ಲಿ ಅಪ್ಪನ ಜಾಗದಲ್ಲಿ ಈಗ ಇರುವ ಒಬ್ಬ ಸದಸ್ಯನಿಗೆ, ಅಂದರೆ ತಮ್ಮನಿಗೆ. ಕ್ಯಾಮೆರಾ ಕೆಟ್ಟಾಗೆಲ್ಲ ಅವನು ನನ್ನ ಊಟದ ಹೊತ್ತಿಗೇ ಬರುವವನು, ಇವತ್ತೂ ಬಂದಿದ್ದರೆ ಇನ್ನೂ ಹೊನ್ನಾವರ ಬಿಟ್ಟಿರಲಿಕ್ಕಿಲ್ಲ. 'ಐಸಿನ ಕೋಣೆಯಲ್ಲಿದ್ದೇನೆ, ಬಾಗಿಲು ತೆಗೆ' ಎಂದು ಬರೆದೆ. ಮೆಸೇಜು ಹೋಗುವುದು ಸೊಸೈಟಿಯ ಹೆಸರಿನಲ್ಲಿ, ಯಾರು ಎಂದು ಬರೆಯಬೇಕಲ್ಲ. ಅಕ್ಕ ಎಂದು ಟೈಪು ಮಾಡಿದೆ. ಅಳಿಸಿದೆ. ಅಕ್ಕ ಇಲ್ಲ ಎಂದು ಕೇರಿಗೆ ಕೇಳುವ ಹಾಗೆ ಹೇಳಿದವಳು ನಾನೇ. ಕೊನೆಗೆ ನೂರ ಹದಿನೇಳು ಎಂದು ಅಂಕಿ ಹಾಕಿ ಕಳಿಸಿದೆ.

ಹದಿಮೂರು ನಿಮಿಷಕ್ಕೆ ಚಿಲಕ ಸರಿಯಿತು. ಮಳೆಯ ಗಾಳಿ ಮುಖಕ್ಕೆ ಬಡಿಯಿತು. ರೇನ್‌ಕೋಟಿನಿಂದ ನೀರು ಸುರಿಸುತ್ತ ತಮ್ಮ ನಿಂತಿದ್ದ. ಮೂರು ವರ್ಷದಲ್ಲಿ ಕೂದಲು ತೆಳ್ಳಗಾಗಿತ್ತು.

"ಅಕ್ಕಾ, ಚಿಲಕ ಹಾಕದ್ದು ನಾನೇಯ" ಎಂದ. "ಬಾಗ್ಲು ತೆರದ್ದೇ ಇತ್ತು. ನೀ ಊಟಕ್ಕೆ ಹೋಗಿದ್ದೆ ಅಂದ್ಕಂಡೆ. ಕೈ ತನ್ನಷ್ಟಕ್ಕೇ ಹೋತು."

ಐಸಿನ ಯಂತ್ರ ಓಡುತ್ತಿದ್ದ ಕಾಲದಲ್ಲಿ ನಾವಿಬ್ಬರೂ ಇಲ್ಲೇ ಆಡಿ ಬೆಳೆದವರು. ಆ ಬಾಗಿಲು ತೆರೆದದ್ದು ಕಂಡೂ ಹಾಕದೆ ಹೋದ ಮಗುವಿನ ಬೆನ್ನಿಗೆ ಅಪ್ಪನ ಕೈ ಬೀಳುತ್ತಿತ್ತು. ಅವನ ಜಾಗದಲ್ಲಿ ನಾನಿದ್ದರೂ ಹಾಕುತ್ತಿದ್ದೆ.

"ನಿನ್ನ ಡಬ್ಬಿಗೆ ಎಂತಕ್ಕೆ ನೂರ ಹದಿನೇಳು ಇಟ್ಯ?" ಎಂದು ಕೇಳಿದೆ. ಮೊದಲು ಬಂದ ಮಾತು ಅದೇ.

ಅವನು ಪರದೆ ನೋಡಿದ, ನನ್ನನ್ನು ನೋಡಿದ. ಅವನಿಗೂ ಅರ್ಥವಾಯಿತು. "ನಾ ಎಲ್ಲಿ ಕ್ಯಾಮೆರಾ ಹಾಕಿದ್ರೂ ಅದೇ ಇಡೂದು. ದೋಣಿ ಹೋತು, ನಂಬರಾದ್ರೂ ಇರ್ಲಿ ಅಂದ್ಕಂಡು" ಎಂದ. ಮುಖದ ಮೇಲಿನ ಮಳೆನೀರು ಒರೆಸಿಕೊಂಡು, "ದೋಣಿ ನಿನ್ನ ಕೇಳ್ದೇ ಮಾರ್ದೆ. ತಪ್ಪಾತು. ಇದನ್ನ ಕೇಳ್ತೆ. ನಂಬರ ಯಾರು ಇಟ್ಕಳೂದು?" ಎಂದ.

ಮೂರು ವರ್ಷ ನಾನು ಕಾದದ್ದು ಆ ಮಾತಿಗೇ ಇರಬೇಕು. "ನೀನೇ ಇಟ್ಕ ತಮಾ. ನಾ ಹೋಗ್ತೆ ಅಲ್ಲ" ಎಂದೆ.

ಆಫೀಸಿನ ಎರಡು ಕಂಪ್ಯೂಟರಿಗೆ ಸರ್ವರಿನ ಹೊಸ ನಂಬರು ಹೇಳಬೇಕಿತ್ತು. ಒಂದಕ್ಕೆ ನಾನು, ಒಂದಕ್ಕೆ ಅವನು ಕೂತೆವು. "ಇನ್ಮೇಲೆ ಇದು ಕೆಟ್ರೆ ನಿನ್ನನ್ನೇ ಎಳ್ಕಂಡು ಬತ್ರು ನೋಡು" ಎಂದೆ. "ಬರ್ಲಿ, ಮೊದ್ಲು ಆ ಚಿಲಕ ಕಿತ್ತು ಹೊಳೆಗೆ ಹಾಕ್ತೆ" ಎಂದ. ಮೊಬೈಲು ತೆಗೆದು ನೋಡಿದರೆ ಅಧ್ಯಕ್ಷರ ಎರಡು ಕರೆ, ಆಮೇಲೆ ಒಂದು ಧ್ವನಿ ಸಂದೇಶ. ಹಿಂದೆ ಮದುವೆಯ ವಾದ್ಯ. "ತಂಗಿ, ನಿನ್ನ ಮೆಸೇಜ್ ಬಿತ್ತು. ಕನ್ನಡಕ ಇಲ್ಲ, ಓದೂಕೆ ಆಗ್ಲಿಲ್ಲ. ಬಿತ್ತಲ್ಲ, ಸಾಕು. ಪತ್ರ ತಕಂಡು ಹೋಗು." ನಾನು ಉಸಿರುಗಟ್ಟಿ ಬರೆದ ಮೆಸೇಜಿಗೆ ಸಿಕ್ಕ ಉತ್ತರ ಅದು.

ತಮ್ಮನ ಬೈಕಿನ ಹಿಂದೆ ಕೂತು ಹೈವೇ ಹಿಡಿದೆವು. ಬಿಡುಗಡೆ ಪತ್ರವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡಿದ್ದೆ. ಅಪ್ಪನ ದೋಣಿ ಹೋದ ತೆಂಗಿನಗುಂಡಿಗೆ ತಿರುಗುವಲ್ಲಿ ಅವನು ಸ್ವಲ್ಪ ನಿಧಾನ ಮಾಡಿದ. ನಾನು ಅವನ ಬೆನ್ನು ತಟ್ಟಿ ಮುಂದೆ ಹೋಗು ಎಂದೆ.

ಕಾಲೇಜಿನ ಆಫೀಸಿಗೆ ಕಾಲಿಟ್ಟಾಗ ಐದಕ್ಕೆ ಹನ್ನೆರಡು ನಿಮಿಷವಿತ್ತು. ಗುಮಾಸ್ತರು ನೆಲದ ಮೇಲೆ ಬೀಳುತ್ತಿದ್ದ ನೀರನ್ನೂ ನನ್ನನ್ನೂ ನೋಡಿ ಒಂದು ಫಾರಮ್ಮು ಕೊಟ್ಟರು. ಹೆಸರು, ಊರು, ಓದು ಎಲ್ಲ ತುಂಬಿದೆ. ಕೆಳಗೆ ಒಂದು ಸಾಲು ಉಳಿಯಿತು. ತುರ್ತು ಸಂದರ್ಭದಲ್ಲಿ ಯಾರನ್ನು ಕರೆಯಬೇಕು, ಸಂಬಂಧ, ಫೋನ್ ನಂಬರು. ತಮ್ಮ ಎಂದು ಬರೆದೆ. ನಂಬರು ನನ್ನ ಹತ್ತಿರ ಇರಲಿಲ್ಲ.

ಪೆನ್ನು ಹಿಡಿದುಕೊಂಡೇ ಹೊರಗೆ ಹೋದೆ. ಅವನು ಮಾಡಿನ ಕೆಳಗೆ ನಿಂತು ರೇನ್‌ಕೋಟು ಕೊಡವುತ್ತಿದ್ದ.

"ನಿನ್ನ ನಂಬರ ಹೇಳು" ಎಂದೆ.

"ಎಂತಕ್ಕೆ?"

"ಇಲ್ಲೂ ಬಾಗ್ಲಿದ್ದು ಮಾರಾಯ, ಯಾರಾದ್ರೂ ಚಿಲಕ ಹಾಕಿದ್ರೆ ಬೇಕಾತದೆ" ಎಂದೆ.